ಗಾಳಿಗಂಟೆಯ ನಾದವನ್ನು ಬಯಲಿನಲ್ಲಿ ಧ್ವನಿಮುದ್ರಿಸುವ ಕ್ರಮ

ಗಾಳಿಗಂಟೆಯನ್ನು ನುಡಿಸುವುದು ಗಾಳಿ. ಅದರ ಧ್ವನಿಮುದ್ರಣವನ್ನು ಕೆಡಿಸುವುದೂ ಅದೇ ಗಾಳಿ. ಅಂಗಡಿಗಳಲ್ಲಿ ವಿಂಡ್ ಚೈಮ್ ಎಂಬ ಹೆಸರಿನಲ್ಲಿ ಸಿಗುವ ಈ ಗಂಟೆಯನ್ನು ಒಂದು ಆಷಾಢದಲ್ಲಿ ತಾರಸಿಯ ಮೇಲೆ ತೂಗುಹಾಕಿ, ಪಕ್ಕದಲ್ಲೇ ರೆಕಾರ್ಡರ್ ಇಟ್ಟು 40 ನಿಮಿಷ ಕಾದಿದ್ದೆ. ಒಳಗೆ ಬಂದು ಕೇಳಿದರೆ, ಕಲ್ಲುದಾರಿಯಲ್ಲಿ ಲಾರಿ ಉರುಳುತ್ತಿರುವಂತಹ ಗುಡುಗುಡು ಸದ್ದು, ಅದರ ಹಿಂದೆ ಎಲ್ಲಿಯೋ ಮಸುಕಾಗಿ ಗಂಟೆಯ ದನಿ. ಗಂಟೆಗೆ ಗಾಳಿಯನ್ನು ಕೊಟ್ಟು ಮೈಕಿಗೆ ಅದನ್ನು ತಪ್ಪಿಸುವುದರಲ್ಲಿಯೇ ಈ ಕೆಲಸದ ಮುಕ್ಕಾಲು ಪಾಲು ಅಡಗಿದೆ ಎಂಬುದು ಅಂದು ತಿಳಿಯಿತು.

ಮೊದಲು ಗಂಟೆಯ ಆಯ್ಕೆ. ಬಿದಿರಿನ ಕೊಳವೆಗಳ ಸದ್ದು ಟೊಕ್ಕೆಂದು ಹುಟ್ಟಿ ಅಲ್ಲಿಯೇ ಅಡಗುತ್ತದೆ. ಮಳೆಹನಿಯ ಜೊತೆಗೆ ಅದು ಚೆನ್ನಾಗಿ ಹೊಂದುತ್ತದೆಯಾದರೂ ನಾದದ ಎಳೆ ಬೇಕೆನ್ನುವವರು ಅಲ್ಯೂಮಿನಿಯಂ, ಉಕ್ಕು ಅಥವಾ ಹಿತ್ತಾಳೆಯ ಕೊಳವೆಗಳನ್ನೇ ಆರಿಸಿಕೊಳ್ಳಬೇಕು. ಕೊಳ್ಳುವ ಮುನ್ನ ಪ್ರತಿ ಕೊಳವೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕೇಳಿ. ಶ್ರುತಿ ಮಾಡಿದ ಗಂಟೆಗಳಲ್ಲಿ ಹಲವು ಐದು ಸ್ವರಗಳ ಶ್ರೇಣಿಯಲ್ಲಿರುತ್ತವೆ, ನಮ್ಮ ಮೋಹನ ರಾಗದ ಸ-ರಿ-ಗ-ಪ-ದ ಇದ್ದಂತೆ. ಅಲ್ಲಿ ತೀರಾ ಒತ್ತೊತ್ತಾಗಿ ನಿಲ್ಲುವ ಎರಡು ಸ್ವರಗಳು ಇಲ್ಲದಿರುವುದರಿಂದ ಯಾವ ಎರಡು ಕೊಳವೆಗಳು ಒಟ್ಟಿಗೆ ನುಡಿದರೂ ಕಿವಿಗೆ ಕರ್ಕಶವಾಗುವುದಿಲ್ಲ. ಗಾಳಿಗೆ ರಾಗಲಕ್ಷಣ ತಿಳಿಯದಾದ್ದರಿಂದ ಈ ಎಚ್ಚರವನ್ನು ಗಂಟೆ ಮಾಡುವವನೇ ವಹಿಸಬೇಕಾಗುತ್ತದೆ.

ಕೊಳವೆಯನ್ನು ಎಲ್ಲಿ ತೂಗುಹಾಕಲಾಗಿದೆ ಎಂಬುದನ್ನೂ ನೋಡಬೇಕು. ಎರಡೂ ತುದಿ ಬಿಡುವಾಗಿರುವ ಕೊಳವೆ ಕಂಪಿಸುವಾಗ, ತುದಿಯಿಂದ ಉದ್ದದ ಶೇಕಡಾ 22.4ರಷ್ಟು ದೂರದಲ್ಲಿರುವ ಬಿಂದುವು ಮೂಲಸ್ವರದ ಮಟ್ಟಿಗೆ ಅಲುಗದೆ ನಿಲ್ಲುತ್ತದೆ. 40 ಸೆಂಟಿಮೀಟರ್ ಕೊಳವೆಯಾದರೆ ಮೇಲಿನಿಂದ ಸುಮಾರು 9 ಸೆಂಟಿಮೀಟರ್ ಕೆಳಗೆ ದಾರದ ತೂತು ಇರಬೇಕು. ತೂತು ತುದಿಯಲ್ಲಿಯೇ ಇದ್ದರೆ ದಾರವು ಕಂಪನವನ್ನು ಹೀರಿಕೊಂಡು ನಾದ ಬೇಗ ಸಾಯುತ್ತದೆ. ಇನ್ನು ನಡುವೆ ತೂಗುವ ನಾಲಗೆ: ಅದು ಕೊಳವೆಯ ಮಧ್ಯಭಾಗಕ್ಕೆ ಬಡಿದರೆ ಮೂಲಸ್ವರ ದುಂಡಗೆ ಕೇಳಿಸುತ್ತದೆ, ತುದಿಗೆ ಬಡಿದರೆ ಮೇಲಿನ ಸ್ವರಾಂಶಗಳು ಹೆಚ್ಚಾಗಿ ದನಿ ಚುರುಕಾಗುತ್ತದೆ. ನಾಲಗೆಯ ದಾರವನ್ನು ಒಂದೆರಡು ಬೆರಳಿನಷ್ಟು ಗಿಡ್ಡ ಮಾಡಿಯೋ ಉದ್ದ ಮಾಡಿಯೋ ನಿಮಗೆ ಬೇಕಾದ ಬಣ್ಣವನ್ನು ಪಡೆಯಬಹುದು. ಇದನ್ನು ಧ್ವನಿಮುದ್ರಣಕ್ಕೆ ಮುಂಚೆಯೇ ಮಾಡುವುದು ಒಳ್ಳೆಯದು, ಏಕೆಂದರೆ ಕೊಳವೆಯೇ ಹುಟ್ಟಿಸದ ಬಣ್ಣವನ್ನು ಕಂಪ್ಯೂಟರಿನಲ್ಲಿ ತುಂಬಲು ಹೊರಟರೆ ಅದು ಕೃತಕವಾಗಿಯೇ ಕೇಳಿಸುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮೈಕಿನಲ್ಲಿ ಕೇಳಿಸುವ ಗುಡುಗುಡು ಗಾಳಿಯ ನಿಜವಾದ ಸದ್ದಲ್ಲ. ಬೀಸುವ ಗಾಳಿ ಮೈಕಿನ ಮೈಗೆ ತಾಗಿ ಸುಳಿಯಾಗಿ ಒಡೆಯುವಾಗ ಅದರ ಪೊರೆಯ ಮೇಲೆ ಉಂಟಾಗುವ ಒತ್ತಡದ ಏರಿಳಿತ ಅದು. ಆದ್ದರಿಂದ ಮೈಕನ್ನು ಗಾಳಿಯ ಮರೆಯಲ್ಲಿಡುವುದೇ ಮೊದಲ ಉಪಾಯ. ನೆಲದ ಹತ್ತಿರ ಗಾಳಿಯ ವೇಗ ಕಡಿಮೆ, ಎತ್ತರಕ್ಕೆ ಹೋದಂತೆ ಹೆಚ್ಚು. ಹೀಗಾಗಿ ಗಂಟೆಯನ್ನು ಸೂರಿನಂಚಿಗೋ ಮಾವಿನ ಕೊಂಬೆಗೋ ಎತ್ತರದಲ್ಲಿ ಕಟ್ಟಿ, ಮೈಕನ್ನು ಕೆಳಗೆ ತಾರಸಿಯ ಮೋಟುಗೋಡೆಯ ಅಥವಾ ತೊಟ್ಟಿಯ ಮರೆಯಲ್ಲಿ, ಗಂಟೆಯತ್ತ ಮುಖಮಾಡಿ ಇಡಬೇಕು. ನಡುವಿನ ಅಂತರ ಒಂದೂವರೆಯಿಂದ ಎರಡು ಮೀಟರ್ ಇದ್ದರೆ ಸಾಕು. ಬಯಲಿನಲ್ಲಿ ಅಂತರ ಎರಡರಷ್ಟಾದಾಗಲೆಲ್ಲ ಗಂಟೆಯ ದನಿ 6 ಡೆಸಿಬೆಲ್ ಇಳಿಯುತ್ತದೆ, ಆದರೆ ಬೀದಿಯ ಸದ್ದು ಇದ್ದಷ್ಟೇ ಇರುತ್ತದೆ. ತೀರಾ ಹತ್ತಿರ ಇಟ್ಟರೂ ಒಂದೇ ಕೊಳವೆ ಉಳಿದವನ್ನು ಮುಚ್ಚಿಹಾಕುತ್ತದೆ.

ಎರಡನೆಯದು ಹೊದಿಕೆ. ಮೈಕಿನ ಜೊತೆಗೆ ಬರುವ ಸ್ಪಂಜಿನ ಟೋಪಿ ಮಂದಮಾರುತಕ್ಕೆ ಸಾಕಾದೀತು, ಗಂಟೆಯನ್ನು ನುಡಿಸುವಷ್ಟು ಗಾಳಿಗೆ ಸಾಲದು. ಉದ್ದ ಕೂದಲಿನ ಕೃತಕ ತುಪ್ಪಳದ ಹೊದಿಕೆ ಬೇಕು. ಆ ಕೂದಲುಗಳು ಗಾಳಿಯ ವೇಗವನ್ನು ಚೂರುಚೂರಾಗಿ ಮುರಿಯುತ್ತವೆ. ಕೊಳ್ಳುವುದು ದುಬಾರಿ ಎನಿಸಿದರೆ ಗೊಂಬೆ ಹೊಲಿಯುವ ತುಪ್ಪಳದ ಬಟ್ಟೆಯನ್ನು ತಂದು, ಜಾಲರಿಯಂತಿರುವ ಸಣ್ಣ ಪ್ಲಾಸ್ಟಿಕ್ ಬುಟ್ಟಿಗೆ ಸುತ್ತಿ, ಒಳಗೆ ರಬ್ಬರ್ ಬ್ಯಾಂಡಿನಲ್ಲಿ ಮೈಕನ್ನು ಬುಟ್ಟಿಗೆ ತಾಗದಂತೆ ತೂಗುಹಾಕಿ. ಬಟ್ಟೆಗೂ ಮೈಕಿಗೂ ನಡುವೆ ನಿಶ್ಚಲವಾದ ಗಾಳಿ ಉಳಿಯುವುದೇ ಇಲ್ಲಿನ ಗುಟ್ಟು. ಬಟ್ಟೆಯ ಹಿಂಬದಿ ಒತ್ತಾಗಿ ನೇಯ್ದದ್ದಾಗಿರಬಾರದು. ಬಾಯಿಗೆ ಹಿಡಿದು ಊದಿದರೆ ಉಸಿರು ಆಚೆ ಹಾಯಬೇಕು, ಇಲ್ಲವಾದರೆ ಗಂಟೆಯ ದನಿಯೂ ಮಂಕಾಗುತ್ತದೆ.

ಕಾಲದ ಆಯ್ಕೆಯಲ್ಲಿ ಇನ್ನೊಂದು ತೊಡಕಿದೆ. ಬೆಳಗಿನ ಜಾವ ಊರು ನಿಶ್ಶಬ್ದವಾಗಿರುತ್ತದೆ, ಆದರೆ ಒಳನಾಡಿನಲ್ಲಿ ಆ ಹೊತ್ತಿಗೆ ಗಾಳಿಯೂ ಸಾಮಾನ್ಯವಾಗಿ ಮಲಗಿರುತ್ತದೆ. ಬಿಸಿಲೇರಿ ಗಾಳಿ ಎದ್ದಾಗ ಊರೂ ಎದ್ದಿರುತ್ತದೆ. ನಮ್ಮ ನಾಡಿನಲ್ಲಿ ಇದಕ್ಕೆ ಸಿಗುವ ಅತ್ಯುತ್ತಮ ಪರಿಹಾರ ಆಷಾಢವೇ. ಮುಂಗಾರಿನ ಮಾರುತ ಮಲೆನಾಡಿನಲ್ಲಿ ಮಳೆ ಸುರಿಸಿ, ಚಿತ್ರದುರ್ಗ, ಗದಗದ ಕಡೆಯ ಮಳೆನೆರಳಿನ ಬಯಲಿಗೆ ಬರುವಷ್ಟರಲ್ಲಿ ಬಹುಮಟ್ಟಿಗೆ ಬರಿಯ ಗಾಳಿಯಾಗಿ ಉಳಿದಿರುತ್ತದೆ. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಇದೇ ಕಾರಣಕ್ಕೆ. ಈ ಗಾಳಿ ರಾತ್ರಿಯೂ ಬೀಸುವುದರಿಂದ ಊರು ಮಲಗಿದ ಮೇಲೆ ಮುದ್ರಿಸಿಕೊಳ್ಳಬಹುದು. ಕರಾವಳಿಯವರು ಬೇಸಗೆಯ ಮಧ್ಯಾಹ್ನದ ಕಡಲಗಾಳಿಯನ್ನು ನೆಚ್ಚಬಹುದು. ಅದು ಒಂದೇ ದಿಕ್ಕಿನಿಂದ ಹದವಾಗಿ ಬೀಸುವುದರಿಂದ ಮೈಕಿಗೆ ಮರೆ ಹುಡುಕುವುದೂ ಸುಲಭ.

ಉಪಕರಣದ ವಿಚಾರ ಹೆಚ್ಚು ಹೇಳಬೇಕಾದದ್ದಲ್ಲ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಕಡತ ಎಂದು ಹೊಂದಿಸಿ. ಸ್ಟೀರಿಯೊ ಆದರೆ ಒಂದು ತಾಸಿನ ಮುದ್ರಣಕ್ಕೆ ಸುಮಾರು ಒಂದು ಗಿಗಾಬೈಟ್ ಜಾಗ ಬೇಕಾಗುತ್ತದೆ. ಕೊಳವೆಯ ಏಟು ಚಕ್ಕನೆ ಏರುವುದರಿಂದ ಅತಿ ಜೋರು ಗಾಳಿಯಲ್ಲಿಯೂ ರೆಕಾರ್ಡರಿನ ಮಾಪಕ ತೋರಿಸುವ ದನಿಯ ಮಟ್ಟ ಮೈನಸ್ 12 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಮೊಬೈಲಿನಲ್ಲಿ ಮಾಡುವವರು ಒಂದು ವಿಷಯ ಗಮನಿಸಬೇಕು: ಮಾತಿಗೆಂದು ರೂಪಿಸಿದ ರೆಕಾರ್ಡರ್ ಆ್ಯಪುಗಳು ತಾವಾಗಿಯೇ ಮಟ್ಟವನ್ನು ಏರಿಸಿ ಇಳಿಸುತ್ತವೆ, ಕ್ಷೀಣಿಸುತ್ತಿರುವ ನಾದದ ಬಾಲವನ್ನು ಗದ್ದಲವೆಂದು ಬಗೆದು ಕತ್ತರಿಸುತ್ತವೆ. ಗಾಳಿಗಂಟೆಯ ಸೊಗಸೆಲ್ಲ ಆ ಬಾಲದಲ್ಲಿರುತ್ತದೆ. ಮಟ್ಟವನ್ನು ಕೈಯಿಂದ ಹೊಂದಿಸಲು, ಗದ್ದಲ ನಿವಾರಣೆಯನ್ನು ನಿಲ್ಲಿಸಿಡಲು ಅವಕಾಶವಿರುವ ಆ್ಯಪನ್ನೇ ಬಳಸಿ.

ಗುಂಡಿ ಒತ್ತಿದ ಮೇಲೆ ದಿನಾಂಕ, ಜಾಗ, ಗಾಳಿಯ ದಿಕ್ಕನ್ನು ಮೆಲುದನಿಯಲ್ಲಿ ಹೇಳಿ, ಅಲ್ಲಿಂದ ಎದ್ದುಹೋಗಿ. ಬಳಿಯಲ್ಲಿ ಕುಳಿತರೆ ಉಸಿರಾಟ, ಬಟ್ಟೆಯ ಸರಬರ ಎಲ್ಲವೂ ದಾಖಲಾಗುತ್ತವೆ. ಕಡಿಮೆಯೆಂದರೆ ಅರ್ಧ ಗಂಟೆ ಬಿಡಬೇಕು, ಗಾಳಿ ನಮ್ಮ ಅವಸರಕ್ಕೆ ನುಡಿಸುವುದಿಲ್ಲ. ಸಿಕ್ಕಿದ್ದರಲ್ಲಿ ಐದಾರು ನಿಮಿಷ ಚೆನ್ನಾಗಿದ್ದರೆ ಅದೇ ಒಳ್ಳೆಯ ಫಸಲು.

ಕಾಗೆಯ ಕೂಗು, ದೂರದ ದನದ ಕೊರಳಗಂಟೆ, ತೆಂಗಿನ ಗರಿಯ ಸದ್ದು ಸೇರಿಕೊಂಡರೆ ಅವನ್ನು ದೋಷವೆಂದು ಎಣಿಸಬೇಕಾಗಿಲ್ಲ. ಜಪಾನಿನ ಪರಿಸರ ಇಲಾಖೆ 1996ರಲ್ಲಿ ಉಳಿಸಿಕೊಳ್ಳಬೇಕಾದ ನೂರು ನಾದಪರಿಸರಗಳನ್ನು ಆರಿಸಿದಾಗ ಇವಾಟೆ ಪ್ರಾಂತ್ಯದ ಮಿಜುಸಾವಾ ರೈಲು ನಿಲ್ದಾಣದಲ್ಲಿ ತೂಗುವ ಎರಕದ ಕಬ್ಬಿಣದ ಗಾಳಿಗಂಟೆಗಳೂ ಆ ಪಟ್ಟಿಯಲ್ಲಿದ್ದವು. ರೈಲು ನಿಲ್ದಾಣ ಎಂದಮೇಲೆ ಅಲ್ಲಿ ರೈಲಿನ ಸದ್ದೂ ಇರಲೇಬೇಕಲ್ಲ! ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನು ಮಾತ್ರ ನಾನು ಇನ್ನೂ ಸಹಿಸಲಾರೆ. ಆ ಭಾಗವನ್ನು ಕತ್ತರಿಸುತ್ತೇನೆ.

ಸಂಕಲನದಲ್ಲಿ ಕೈ ಹಿಡಿತದಲ್ಲಿರಲಿ. ಮನೆಬಳಕೆಯ ಸಣ್ಣ ಗಂಟೆಗಳ ಮೂಲಸ್ವರ ಬಹುಮಟ್ಟಿಗೆ 500 ಹರ್ಟ್ಸ್‌ಗಿಂತ ಮೇಲಿರುವುದರಿಂದ 150 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿದರೆ ಉಳಿದ ಗುಡುಗುಡು ಹೋಗುತ್ತದೆ, ಗಂಟೆಗೆ ನಷ್ಟವಾಗುವುದಿಲ್ಲ; ಆಳುದ್ದದ ದೊಡ್ಡ ಕೊಳವೆಗಳಾದರೆ 80ಕ್ಕೆ ನಿಲ್ಲಿಸಿ. ಎರಡು ನುಡಿತಗಳ ನಡುವಿನ ಮೌನವನ್ನು ಕತ್ತರಿಸಿ ಜೋಡಿಸಬಾರದು, ಏಕೆಂದರೆ ಈ ಸಂಗೀತದ ಲಯವೆಲ್ಲ ಆ ಬಿಡುವಿನಲ್ಲಿಯೇ ಇದೆ. ಮೂಲ ಕಡತವನ್ನು ಮುಟ್ಟದೆ ಬೇರೆಯಾಗಿ ಇಟ್ಟುಕೊಂಡು, ನಕಲಿನ ಮೇಲೆ ಮಾತ್ರ ಕೆಲಸ ಮಾಡಿ.

ರಾತ್ರಿ ಮುದ್ರಿಸಿದಿರಾದರೆ, ರೆಕಾರ್ಡರ್ ಆರಿಸಿದ ಕೂಡಲೇ ಗಂಟೆಯ ನಾಲಗೆಯನ್ನು ಒಂದು ದಾರದಿಂದ ಕೊಳವೆಗಳಿಗೆ ಸೇರಿಸಿ ಬಿಗಿದು ಕಟ್ಟಿಬಿಡಿ; ಪಕ್ಕದ ಮನೆಯವರು ಮಲಗಿರುತ್ತಾರೆ.