1 ಲಕ್ಷ ಸಾಲಲಿಲ್ಲ, 10 ಕೋಟಿ ಜಾಸ್ತಿಯಾಯ್ತು

ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನನ್ನ ಕೆಲಸ. ಒಂದು ಕ್ಯಾಮ್ ರೋಲರಿನ (ಯಂತ್ರದ ಕ್ಯಾಮ್ ಮೇಲೆ ಉರುಳುವ ಉಕ್ಕಿನ ಉರುಳೆ) ಮೈಮೇಲೆ ಪದೇ ಪದೇ ಸಣ್ಣ ಗುಳಿ ಬೀಳುತ್ತಿತ್ತು. ಅಲ್ಲಿ ಒತ್ತಡ ಎಷ್ಟಿದೆ ನೋಡೋಣ ಅಂತ ಕ್ಯಾಲ್ಕ್ಯುಲಿಕ್ಸ್ ಹಾಕಿಕೊಂಡು ಕುಳಿತೆ. ಭಾರ ಬಿದ್ದಾಗ ಭಾಗದೊಳಗಿನ ಒತ್ತಡ ಲೆಕ್ಕ ಹಾಕುವ, ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಅದು.

ಮೊದಲು ಉತ್ತರ ಗೊತ್ತಿರುವ ಲೆಕ್ಕ ಹಿಡಿದೆ. 10 ಮಿ.ಮೀ. ತ್ರಿಜ್ಯದ ಉಕ್ಕಿನ ರೋಲರ್, ಕೆಳಗೆ ಉಕ್ಕಿನ ಪ್ಲೇಟ್, ಪ್ರತಿ ಮಿ.ಮೀ. ಉದ್ದಕ್ಕೆ 100 ನ್ಯೂಟನ್ ಭಾರ. ಇದಕ್ಕೆ ದಾರಿ ಹಾಕಿದ್ದು ಹರ್ಟ್ಸ್, 1882ರಲ್ಲಿ. ರೇಡಿಯೋ ಅಲೆಗಳ ಹರ್ಟ್ಸೇ! ಸೂತ್ರದ ಪ್ರಕಾರ ರೋಲರ್ ಪ್ಲೇಟನ್ನು ಮುಟ್ಟುವ ಪಟ್ಟಿಯ ಅಗಲ 0.21 ಮಿ.ಮೀ., ನಡುವಿನ ಒತ್ತಡ ಸುಮಾರು 606 ಮೆಗಾಪಾಸ್ಕಲ್. ಲೆಕ್ಕಕ್ಕಾಗಿ ಭಾಗವನ್ನು ಸಣ್ಣ ತುಂಡುಗಳಾಗಿ ಒಡೆಯುವ ಬಲೆಗೆ ಮೆಶ್ ಅಂತಾರೆ, ತುಂಡುಗಳ ಮೂಲೆಗಳೇ ನೋಡ್. ನನ್ನ ಮೆಶ್ 1 ಮಿ.ಮೀ.! ಒಂದೇ ನೋಡ್ ಮುಟ್ಟಿತ್ತು. ಅಷ್ಟು ಜಾಗದಲ್ಲಿ ಮಾತ್ರ 0.01ಕ್ಕೆ ಇಳಿಸಿದೆ.

ಆಮೇಲೆ ಸಾಲ್ವರ್, ಅಂದರೆ ಲೆಕ್ಕ ಬಿಡಿಸುವ ಭಾಗ, ಕೈಚೆಲ್ಲಿತು. ಮುಟ್ಟುವ ಮೊದಲು ರೋಲರನ್ನು ಹಿಡಿದಿಡಲು ಏನೂ ಇಲ್ಲ ಅಲ್ವಾ, ಭಾರ ಹಾಕಿದರೆ ಹೋಗುತ್ತಲೇ ಇರುತ್ತದೆ. ಮೊದಲ ಹಂತದಲ್ಲಿ 1 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಕೆಳಗೆ ತಳ್ಳಿ, ಮುಟ್ಟಿದ ಮೇಲೆ ಭಾರ ಕೊಟ್ಟೆ. ಓಡಿತು.

ನಿಜವಾದ ತಪ್ಪು ಆದದ್ದು ಇಲ್ಲಿ. ಎರಡು ಮೈ ಮುಟ್ಟುವುದನ್ನು ಸಾಫ್ಟ್‌ವೇರ್ ಲೆಕ್ಕಕ್ಕೆ ತರುವ ಪೆನಾಲ್ಟಿ ವಿಧಾನ ಅಂದರೆ ಅವುಗಳ ನಡುವೆ ಸ್ಪ್ರಿಂಗ್ ಇಟ್ಟ ಹಾಗೆ. ಒಂದರೊಳಗೊಂದು ಚೂರು ನುಗ್ಗಿದರೇ ಒತ್ತಡ ಹುಟ್ಟುವುದು. ಆ ಸ್ಪ್ರಿಂಗಿಗೆ, ನುಗ್ಗಿದ ಪ್ರತಿ ಮಿ.ಮೀ.ಗೆ 1 ಲಕ್ಷ ಮೆಗಾಪಾಸ್ಕಲ್ ಬಿಗಿ ಸಾಕು ಅಂದುಕೊಂಡಿದ್ದೆ. ನುಗ್ಗಿದ್ದು 3 ಮೈಕ್ರಾನ್ ಒಳಗೇ, ಚಿತ್ರದಲ್ಲಿ ಕಾಣುವುದೇ ಇಲ್ಲ. ಆದರೆ ಒತ್ತಡ 606ರ ಅರ್ಧಕ್ಕೂ ಕಡಿಮೆ, ಪಟ್ಟಿ ಅರ್ಧ ಮಿ.ಮೀ. ದಾಟಿತ್ತು. ಮಜಾ ಅಂದರೆ, ನಮ್ಮ ಮಷಿನಿಸ್ಟ್ ಕಾಕಾ ರೋಲರಿಗೆ ಬ್ಲೂ (ಮುಟ್ಟಿದ ಗುರುತು ನೋಡಲು ಹಚ್ಚುವ ನೀಲಿ ಬಣ್ಣ) ಹಚ್ಚಿ ಒತ್ತಿದಾಗ ಗುರುತೂ ಅಷ್ಟೇ ಅಗಲ ಬಂತು! ಸೂತ್ರವೇ ತಪ್ಪಿರಬೇಕು ಅಂದುಬಿಟ್ಟೆ. ಕಾಕಾ ನಕ್ಕರು: "ತಮ್ಮಾ, ಬ್ಲೂ ಮುಟ್ಟಿದ ಜಾಗಾ ತೋರಸ್ತೈತಿ, ಭಾರ ಹೊತ್ತ ಜಾಗಾ ಅಲ್ಲ." ಸರಿಯೇ. ಬ್ಲೂ ಪದರವೇ ಕೆಲವು ಮೈಕ್ರಾನ್ ದಪ್ಪ, ಹತ್ತಿರ ಬಂದರೂ ಅಂಟುತ್ತದೆ.

ಆಗ ಕ್ಯಾಲ್ಕ್ಯುಲೇಟರ್ ತೆಗೆದೆ. ಪಟ್ಟಿಯ ಅರ್ಧ ಅಗಲದ ವರ್ಗವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ 0.55 ಮೈಕ್ರಾನ್. ಪಟ್ಟಿಯ ನಡುವಿನಿಂದ ಅಂಚಿಗೆ ರೋಲರ್ ಏರುವುದೇ ಇಷ್ಟು! ಅದರ ಐದು ಪಟ್ಟು ನುಗ್ಗಲು ಬಿಟ್ಟು ಉತ್ತರ ಕೇಳುತ್ತಿದ್ದೆ. ಬಿಗಿಯನ್ನು 1 ಕೋಟಿಗೆ ಏರಿಸಿದೆ, ಒತ್ತಡ 600ರ ಹತ್ತಿರ ಬಂತು. ಆಸೆಗೆ 10 ಕೋಟಿ ಹಾಕಿದೆ. ನೋಡ್‌ಗಳು ಒಂದು ಸಲ ಮುಟ್ಟಿ ಮುಂದಿನ ಸಲ ಬಿಟ್ಟು, ಲೆಕ್ಕ ಮುಗಿಯಲೇ ಇಲ್ಲ.

ಈಗ ರೋಲರಿನ ತುದಿಯ ಲೆಕ್ಕ ನಡೆದಿದೆ, ಅಲ್ಲಿ ಹರ್ಟ್ಸ್ ಸೂತ್ರ ನಡೆಯುವುದಿಲ್ಲ. ಬಿಗಿ ದುಪ್ಪಟ್ಟು ಮಾಡಿದರೂ, ಮೆಶ್ ಅರ್ಧ ಮಾಡಿದರೂ ಉತ್ತರ ಅಲುಗದಿದ್ದರೆ ಮಾತ್ರ ಕಾಕಾಗೆ ತೋರಿಸುತ್ತೇನೆ. ಇನ್ನೂ ಅಲುಗುತ್ತಿದೆ.