ಓಮ್ನಿಯ ಹಿಂದಿನ ಗಾಜು ಒಡೆದರೆ: ನೈಲಾನ್ ಬಳ್ಳಿ, ಸೋಪುನೀರು, ಇಬ್ಬರು ಜನ

ತೋಟದ ಬದಿಯಲ್ಲಿ ನಿಲ್ಲಿಸಿದ ವ್ಯಾನಿಗೆ, ಹುಲ್ಲು ಕೊಚ್ಚುವ ಯಂತ್ರದಿಂದ ಹಾರಿದ ಒಂದು ಮುರಕಲ್ಲಿನ ಚೂರು ಸಾಕು. ಅಥವಾ ಒಳಗೆ ಉದ್ದಕ್ಕೆ ಮಲಗಿಸಿದ ಏಣಿಯೋ ದೋಟಿಯೋ ನಾಲ್ಕು ಬೆರಳು ಹೊರಗೆ ಚಾಚಿರುತ್ತದೆ, ಗಮನಿಸದೆ ಡೋರ್ ಹಾಕಿದರೆ ಹಿಂದಿನ ಗಾಜು ಒಂದೇ ಸದ್ದಿಗೆ ಕಲ್ಲುಸಕ್ಕರೆ ಚೂರಿನಂತೆ ಉದುರುತ್ತದೆ. ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಅಡುಗೆಯವರ ಪಾತ್ರೆಯಿಂದ ಹಿಡಿದು ಪಂಪ್‌ಸೆಟ್ ರಿಪೇರಿಯವರ ಪೈಪಿನವರೆಗೆ ಎಲ್ಲವನ್ನೂ ಹೊರುವುದು ಇವತ್ತಿಗೂ ಮಾರುತಿ ಓಮ್ನಿಯೇ. ಅದರ ತಯಾರಿಕೆ ನಿಂತದ್ದು 2019ರಲ್ಲಿ. ಗಾಡಿಗಳು ಹಳೆಯವಾದವು, ಓಟ ನಿಂತಿಲ್ಲ.

ಇದರ ಹಿಂದಿನ ಗಾಜನ್ನು ಅಂಟಿನಿಂದ ಅಂಟಿಸಿರುವುದಿಲ್ಲ. ರಬ್ಬರ್ ಬೀಡಿಂಗ್ ಒಂದು ಬದಿಯಿಂದ ಗಾಜನ್ನೂ ಇನ್ನೊಂದು ಬದಿಯಿಂದ ಡೋರಿನ ತಗಡಿನ ಅಂಚನ್ನೂ ಕಚ್ಚಿ ಹಿಡಿದಿರುತ್ತದೆ. ಹಾಗಾಗಿ ವಿಶೇಷ ಯಂತ್ರವೇನೂ ಬೇಡ, ತಗಡಿಗೆ ತುಕ್ಕು ಹಿಡಿದಿಲ್ಲವಾದರೆ ಅರ್ಧ ದಿನದ ಬಿಡುವಿನಲ್ಲಿ ಮನೆಯಂಗಳದಲ್ಲೇ ಆಗುವ ಕೆಲಸ. ಬೇರೆ ವ್ಯಾನ್ ಆದರೆ ಮೊದಲು ಒಳಗಿನಿಂದ ಅಂಚನ್ನು ನೋಡಿ. ಬೆರಳಿನಿಂದ ಎತ್ತಬಹುದಾದ ರಬ್ಬರ್ ತುಟಿ ಇದ್ದರೆ ಇಲ್ಲಿ ಹೇಳುವ ಕ್ರಮ ಹೊಂದುತ್ತದೆ. ಗಾಜಿನ ಸುತ್ತ ಒಳಮೈಗೆ ಅಗಲವಾದ ಕಪ್ಪು ಪಟ್ಟಿ ಇದ್ದು, ಎತ್ತುವುದಕ್ಕೆ ತುಟಿಯೇ ಇಲ್ಲದಿದ್ದರೆ ಅದು ಯುರೆಥೇನ್ ಅಂಟಿನ ಗಾಜು. ಅದನ್ನು ಗಾಜಿನ ಅಂಗಡಿಯವರಿಗೇ ಬಿಡಿ.

ಒಡೆದ ದಿನ

ಗುಡಿಸುವ ಮೊದಲು ನಾಲ್ಕು ಫೋಟೊ ತೆಗೆಯಿರಿ: ನಂಬರ್ ಪ್ಲೇಟ್ ಸೇರಿ ಒಂದು, ಒಡೆದ ಜಾಗದ್ದು ಎರಡು, ಒಳಗಿನದು ಒಂದು. ಫುಲ್ ಇನ್ಶೂರೆನ್ಸ್ ಇದ್ದರೆ ಇವು ಬೇಕಾಗುತ್ತವೆ. ಕ್ಲೇಮಿನಲ್ಲಿ ಗಾಜಿಗೆ ಸವಕಳಿ ಕಡಿತ ಇಲ್ಲ, ರಬ್ಬರಿಗೆ ಅರ್ಧ ಕಡಿಯುತ್ತಾರೆ. 1500 ಸಿಸಿ ತನಕದ ಖಾಸಗಿ ಕಾರಿನ ಲೆಕ್ಕದಲ್ಲಿ ಮೊದಲ ಸಾವಿರ ರೂಪಾಯಿ ಹೇಗೂ ನಿಮ್ಮ ಕೈಯಿಂದಲೇ. ಅದರ ಮೇಲೆ ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ರಿಯಾಯಿತಿಯೂ ಹೋಗುತ್ತದೆ. ಒಂದು ಗಾಜಿಗಾಗಿ ಕ್ಲೇಮ್ ಹಾಕುವುದು ಹಲವರಿಗೆ ನಷ್ಟದ ವ್ಯಾಪಾರವೇ. ಹಳೆ ಓಮ್ನಿಗಳಲ್ಲಿ ಹೆಚ್ಚಿನವಕ್ಕೆ ಥರ್ಡ್ ಪಾರ್ಟಿ ಮಾತ್ರ ಇರುವುದರಿಂದ ಆ ಪ್ರಶ್ನೆಯೇ ಬರುವುದಿಲ್ಲ.

ಹೊಸ ಗಾಜು ಬರುವ ತನಕ ಟಾರ್ಪಾಲಿನ ತುಂಡನ್ನು ಟೇಪ್ ಹಾಕಿ ಬಿಗಿಯಾಗಿ ಮುಚ್ಚಿ. ಹಿಂದೆ ತೆರೆದಿಟ್ಟು ಓಡಿಸಬೇಡಿ. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ತಗ್ಗುತ್ತದೆ, ಸೈಲೆನ್ಸರಿನ ಹೊಗೆ ಆ ತೂತಿನಿಂದಲೇ ಒಳಗೆ ಎಳೆದುಕೊಳ್ಳುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ತಲೆ ಭಾರವಾದರೆ, ನಿದ್ದೆ ಎಳೆದರೆ ಬಿಸಿಲಿನ ದಣಿವೆಂದು ತಳ್ಳಿಹಾಕದೆ ಗಾಡಿ ನಿಲ್ಲಿಸಿ ಹೊರಗೆ ಬನ್ನಿ. ಅನಿವಾರ್ಯವಾಗಿ ಓಡಿಸಬೇಕಾದರೆ ಮುಂದಿನ ಎರಡೂ ಕಿಟಕಿ ತೆರೆದಿರಲಿ.

ಚೂರು ತೆಗೆಯುವುದು

ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಶೂ. ಹಿಂದಿನ ಗಾಜು ಹದಗೊಳಿಸಿದ ಗಾಜು, ಇಂಗ್ಲಿಷಿನ ಟಫನ್ಡ್. ಈಟಿಯಂತೆ ಸೀಳದೆ ಸಣ್ಣ ಕಾಳಾಗಿ ಒಡೆಯುತ್ತದೆ. ಆದರೂ ಕಾಳಿನ ಅಂಚು ಕೈ ಕೊಯ್ಯುತ್ತದೆ. ಚೂರು ಬಾಚಲು ಪ್ಲಾಸ್ಟಿಕ್ ಮೊರಕ್ಕಿಂತ ಅಡಿಕೆ ಹಾಳೆ ಒಳ್ಳೆಯದು. ಅಗಲಕ್ಕೆ ಕತ್ತರಿಸಿ ಹಿಡಿದರೆ ನೆಲದ ಮಡಿಕೆಗೆ ಸರಿಯಾಗಿ ಬಗ್ಗುತ್ತದೆ, ಕೆಲಸ ಮುಗಿದ ಮೇಲೆ ಗಾಜಿನೊಂದಿಗೆ ಕಟ್ಟಿ ಎಸೆಯಬಹುದು. ಸೀಟಿನ ಸಂದಿಯಲ್ಲಿರುವುದಕ್ಕೆ ವ್ಯಾಕ್ಯೂಮ್ ಬೇಕೇ ಬೇಕು.

ಗಾಜಿಗೆ ಸ್ಟಿಕ್ಕರ್ ಅಥವಾ ಫಿಲ್ಮ್ ಅಂಟಿಸಿದ್ದರೆ ಒಡೆದ ಮೇಲೂ ಅದು ಚಾಪೆಯಂತೆ ನಿಂತಿರುತ್ತದೆ. ಬಿಡಿಬಿಡಿಯಾಗಿ ಕೀಳದೆ ಹೊರಗಿನಿಂದ ಅಗಲ ಟೇಪನ್ನು ಅಡ್ಡಡ್ಡ ಹಾಕಿ ಇಡಿಯಾಗಿ ಎಳೆದುಕೊಳ್ಳಿ.

ಹೆಚ್ಚಿನವರು ಬಿಡುವ ಜಾಗವೊಂದಿದೆ: ಹಿಂದಿನ ಡೋರಿನ ಹೊಟ್ಟೆ. ಒಡೆದ ಗಾಜಿನಲ್ಲಿ ಒಂದಿಷ್ಟು ಒಳಗಿನ ಟೊಳ್ಳಿಗೆ ಬೀಳುತ್ತದೆ. ಒಳ ಹೊದಿಕೆಯ ಕ್ಲಿಪ್ಪುಗಳನ್ನು ಚಪ್ಪಟೆ ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಿ ಹೊದಿಕೆ ತೆಗೆಯಿರಿ, ಕೆಳ ಅಂಚಿನಲ್ಲಿರುವ ನೀರು ಹೋಗುವ ತೂತುಗಳನ್ನು ತಂತಿಯಿಂದ ಚುಚ್ಚಿ ನೋಡಿ. ಗಾಜಿನ ಕಾಳು ಅಲ್ಲೇ ಹೋಗಿ ಕೂರುವುದು. ಬಿಟ್ಟರೆ ಗುಂಡಿ ಬಿದ್ದ ರಸ್ತೆಯಲ್ಲಿ ಗಲಗಲ ಸದ್ದು ಮಾಡುತ್ತದೆ, ಅದು ಸಣ್ಣ ತೊಂದರೆ. ತೂತು ಕಟ್ಟಿದರೆ ಮಳೆನೀರು ಡೋರಿನೊಳಗೆ ನಿಂತು ಎರಡು ಮಳೆಗಾಲದಲ್ಲಿ ತಗಡನ್ನು ತಿನ್ನುತ್ತದೆ.

ಗಾಜು, ಬೀಡಿಂಗ್ ತರುವಾಗ

ಆರ್‌ಸಿಯ ಪ್ರತಿ ಮತ್ತು ಹಳೆ ಬೀಡಿಂಗಿನ ಒಂದು ಗೇಣು ತುಂಡು ಜೊತೆಗಿರಲಿ. ಕಾಸರಗೋಡಿನಲ್ಲಿ ಸಿಗದಿದ್ದರೆ ಮಂಗಳೂರು. ಗಾಜಿನ ಮೂಲೆಯಲ್ಲಿ ಐಎಸ್‌ಐ ಗುರುತು ಮತ್ತು ಐಎಸ್ 2553 ಎಂದು ಕೆತ್ತಿರಬೇಕು. ಅಂಚಿನ ಸುತ್ತ ಬೆರಳಾಡಿಸಿ ನೋಡಿ, ಸಣ್ಣ ಚಕ್ಕೆ ಎದ್ದಿದ್ದರೂ ಬೇಡ. ಹದಗೊಳಿಸಿದ ಗಾಜಿನ ಮೈಯೆಲ್ಲ ಒಳಗಿನಿಂದ ಬಿಗಿದ ಸ್ಥಿತಿಯಲ್ಲಿರುತ್ತದೆ. ಅಂಚಿನಲ್ಲಿ ಗಾಯವಾದರೆ ಇಂದಲ್ಲ ನಾಳೆ ಮಧ್ಯಾಹ್ನದ ಬಿಸಿಲಿಗೆ ತಾನಾಗಿಯೇ ಸಿಡಿಯಬಹುದು. ಅದನ್ನು ಉಜ್ಜಿ, ಕತ್ತರಿಸಿ, ತೂತು ಕೊರೆದು ಹೊಂದಿಸಲೂ ಆಗುವುದಿಲ್ಲ. ಗುಜರಿಯ ಗಾಜು ಕೊಳ್ಳುವವರಿಗೂ ಇದೇ ಪರೀಕ್ಷೆ.

ಕಪಾಟಿಗೆ ಗಾಜು ಕೊಯ್ದು ಕೊಡುವ ಅಂಗಡಿಯಲ್ಲಿ ಅಳತೆಗೆ ಸಾದಾ ಗಾಜು ಹಾಕಿಸಿಕೊಳ್ಳುವವರಿದ್ದಾರೆ. ಅಗ್ಗ, ನಿಜ. ಹಿಂದಿನಿಂದ ಯಾವುದಾದರೂ ಗುದ್ದಿದ ದಿನ ಅದು ಕತ್ತಿಯಂಥ ಸೀಳಾಗಿ ಹಿಂದೆ ಕೂತವರ ಕುತ್ತಿಗೆಗೆ ಬರುತ್ತದೆ. ಅಕ್ರಿಲಿಕ್ ಹಾಳೆಯೂ ಬೇಡ. ಗೀರು ಬಿದ್ದು ಮಂಕಾಗಿ, ರಾತ್ರಿ ಹಿಂದಿನ ಗಾಡಿಯ ಬೆಳಕು ಬಿದ್ದಾಗ ಏನೂ ಕಾಣುವುದಿಲ್ಲ.

ಬೀಡಿಂಗ್ ಹೊಸದೇ ಆಗಲಿ. ಹಳೆಯದನ್ನು ಉಳಿಸುವ ಆಸೆ ಇದ್ದರೆ ಎರಡಾಗಿ ಮಡಚಿ ಮಡಿಕೆಯನ್ನು ನೋಡಿ. ಕೂದಲೆಳೆಯಂಥ ಬಿರುಕುಗಳು ಕಂಡರೆ ಅದರ ಕಾಲ ಮುಗಿಯಿತು. ಇಡೀ ಬಳೆಯಂತೆ ಅಚ್ಚಿನಲ್ಲಿ ಬಂದ ಬೀಡಿಂಗ್ ಸಿಕ್ಕಿದರೆ ಅದನ್ನೇ ತನ್ನಿ. ಮೀಟರ್ ಲೆಕ್ಕದ್ದಾದರೆ ಗಾಜಿನ ಸುತ್ತಳತೆಗಿಂತ ಒಂದು ಸೆಂಟಿಮೀಟರ್ ಹೆಚ್ಚು ಇಟ್ಟು ನೇರವಾಗಿ ಕೊಯ್ಯಿರಿ, ಎರಡು ತುದಿ ಒಂದನ್ನೊಂದು ಒತ್ತಿ ನಿಲ್ಲಬೇಕು. ಎಳೆದು ಹಿಗ್ಗಿಸಿ ಕೂಡಿಸಿದ ರಬ್ಬರ್ ತಿಂಗಳೊಳಗೆ ಕುಗ್ಗಿ ಬಾಯಿ ಬಿಡುತ್ತದೆ. ಈ ಜೋಡಣೆ ಮೇಲಂಚಿನ ನಡುವೆ ಬರಲಿ, ಕೆಳಗೆ ನೀರು ನಿಲ್ಲುವ ಕಡೆ ಬೇಡ.

ಗಾಜನ್ನು ತರುವಾಗ ಮಲಗಿಸಬೇಡಿ. ಗೋಣಿಯ ಮೇಲೆ ಉದ್ದ ಅಂಚು ಊರಿ, ಒರಗಿಸಿ ಕಟ್ಟಿ.

ತಗಡಿನ ಅಂಚು: ಇಲ್ಲಿ ಅವಸರ ಬೇಡ

ಗಾಜು ಸೋರಿದರೆ ಎಲ್ಲರೂ ಬೀಡಿಂಗನ್ನು ಬೈಯುತ್ತಾರೆ. ನಮ್ಮ ಕಡೆ ತಪ್ಪು ಹೆಚ್ಚಾಗಿ ಅದರ ಒಳಗಿರುವ ತಗಡಿನದ್ದು. ಆಟಿ ತಿಂಗಳ ಮಳೆಯಲ್ಲಿ ಬೀಡಿಂಗಿನ ಕೆಳಭಾಗ ವಾರಗಟ್ಟಲೆ ಚಂಡಿಯಾಗಿಯೇ ಇರುತ್ತದೆ, ಜೊತೆಗೆ ಕಡಲಿನ ಉಪ್ಪು ಗಾಳಿ. ಹೊರಗಿನ ಪೇಂಟು ಮಿರಿಮಿರಿ ಮಿಂಚುತ್ತಿರುವಾಗಲೇ ರಬ್ಬರಿನ ಮರೆಯಲ್ಲಿ ಕೆಳ ಅಂಚು ಹಪ್ಪಳದಂತೆ ಉಬ್ಬಿ ಪದರ ಬಿಟ್ಟಿರುತ್ತದೆ.

ಹಳೆ ಬೀಡಿಂಗನ್ನು ಚಾಕುವಿನಿಂದ ಕೊಯ್ದು ಎಳೆದುಬಿಡಿ. ಅಂಚಿನ ಮಣ್ಣು, ಹಳೆ ಸೀಲೆಂಟ್ (ಸಂದು ತುಂಬುವ ಅಂಟು) ಎಲ್ಲ ಕೆರೆದು ತೆಗೆಯಿರಿ. ತುಕ್ಕಿದ್ದಲ್ಲಿ 80 ನಂಬರಿನ ಸ್ಯಾಂಡ್ ಪೇಪರಿನಿಂದ ಬಿಳಿ ಲೋಹ ಕಾಣುವ ತನಕ ಉಜ್ಜಿ, ಆಮೇಲೆ 220ರಲ್ಲಿ ನುಣುಪು ಮಾಡಿ. ಒಣ ಬಟ್ಟೆಯಿಂದ ಒರೆಸಿ, ತಿನ್ನರಿನಲ್ಲಿ ಒಮ್ಮೆ ಒರೆಸಿ, ಅದೇ ದಿನ ಪ್ರೈಮರ್ ಹಚ್ಚಿ. ಉಜ್ಜಿದ ಲೋಹವನ್ನು ಇಲ್ಲಿನ ತೇವದ ಗಾಳಿಯಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ಮತ್ತೆ ಕೆಂಪು. ಪ್ರೈಮರ್ ಒಣಗಿದ ಮೇಲೆ ಎರಡು ತೆಳು ಕೋಟ್ ಪೇಂಟ್ ಕೊಟ್ಟು ಒಂದು ಇಡೀ ದಿನ ಒಣಗಲು ಬಿಡಿ. ಹಸಿ ಪೇಂಟಿನ ಮೇಲೆ ರಬ್ಬರ್ ಕೂರಿಸಿದರೆ, ಮುಂದೆ ಹೇಳುವ ಬಳ್ಳಿ (ಹಗ್ಗ) ಎಳೆಯುವಾಗ ಪೇಂಟು ಸುಲಿದುಕೊಂಡೇ ಬರುತ್ತದೆ.

ತಗಡಿನಲ್ಲಿ ತೂತೇ ಬಿದ್ದಿದ್ದರೆ ವೆಲ್ಡಿಂಗಿನವರ ಬಳಿ ಹೋಗಿ ತೇಪೆ ಹಾಕಿಸಿ. ಎಂ-ಸೀಲ್ ಮೆತ್ತುವುದು ನಮ್ಮೂರ ಸಾರ್ವತ್ರಿಕ ಔಷಧಿ, ಆದರೆ ಈ ಅಂಚಿಗೆ ಅದು ಆಗದು. ಅಂಚು ದಪ್ಪವಾದರೆ ಬೀಡಿಂಗಿನ ಸೀಳು ಅದನ್ನು ಕಚ್ಚುವುದಿಲ್ಲ, ಅಲ್ಲೇ ತುಟಿ ಎದ್ದು ನಿಲ್ಲುತ್ತದೆ. ಅಂಚು ಬಗ್ಗಿದ್ದರೆ ಹಿಂದೆ ಮರದ ತುಂಡು ಆನಿಸಿ ಸಣ್ಣ ಸುತ್ತಿಗೆಯಿಂದ ನೇರ ಮಾಡಿಕೊಳ್ಳಿ.

ಕೂರಿಸುವುದು

ನೈಲಾನ್ ಬಳ್ಳಿ, ನಾಲ್ಕರಿಂದ ಐದು ಮಿಲಿಮೀಟರ್ ದಪ್ಪ, ನುಣುಪಾದದ್ದು. ಗಾಜಿನ ಸುತ್ತಳತೆಗಿಂತ ಒಂದು ಮೀಟರ್ ಉದ್ದ ಹೆಚ್ಚಿರಲಿ. ತೆಳು ದಾರ ರಬ್ಬರನ್ನು ಕೊಯ್ಯುತ್ತದೆ, ಒರಟಾದ ತೆಂಗಿನ ನಾರಿನ ಹುರಿ ಸೀಳಿನಲ್ಲಿ ಜಾರುವುದಿಲ್ಲ. ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ ಇಟ್ಟುಕೊಳ್ಳಿ. ತೆಂಗಿನೆಣ್ಣೆ ಕೈಗೆಟಕುವಲ್ಲೇ ಇರುತ್ತದೆ, ಆದರೂ ಮುಟ್ಟಬೇಡಿ. ಸೋಪುನೀರು ಒಣಗಿದ ಮೇಲೆ ರಬ್ಬರಿಗೆ ಹಿಡಿತ ಮರಳುತ್ತದೆ. ಎಣ್ಣೆ ಒಣಗುವುದಿಲ್ಲ, ಧೂಳು ಹಿಡಿಯುತ್ತದೆ, ಮುಂದೆ ಸೀಲೆಂಟ್ ಹಾಕಬೇಕಾಗಿ ಬಂದರೆ ಅಂಟುವುದೂ ಇಲ್ಲ. ಗ್ರೀಸ್, ಸೀಮೆಎಣ್ಣೆ ಅದಕ್ಕಿಂತ ಕೆಟ್ಟವು. ಅವು ರಬ್ಬರನ್ನೇ ಉಬ್ಬಿಸುತ್ತವೆ.

ಬೀಡಿಂಗನ್ನು ಅರ್ಧ ಗಂಟೆ ಬಿಸಿಲಲ್ಲಿಡಿ. ಮಳೆ ದಿನವಾದರೆ ಸ್ನಾನದ ಬಿಸಿನೀರಲ್ಲಿ ಹತ್ತು ನಿಮಿಷ ಮುಳುಗಿಸಿ. ಹಾಸಿದ ಕಂಬಳಿಯ ಮೇಲೆ ಗಾಜನ್ನಿಟ್ಟು ಬೀಡಿಂಗನ್ನು ಸುತ್ತ ಹಾಕಿ, ಮೊದಲು ನಾಲ್ಕು ಮೂಲೆ, ಆಮೇಲೆ ನೇರ ಭಾಗ. ತಗಡು ಕೂರುವ ಹೊರ ಸೀಳಿಗೆ ಈಗ ಬಳ್ಳಿ ತುಂಬಬೇಕು. ಬೆರಳಿನಿಂದ ಒತ್ತುತ್ತಾ ಹೋದರೆ ತಾಳ್ಮೆ ಕೆಡುತ್ತದೆ. ಬಳ್ಳಿ ತೂರುವಷ್ಟು ಅಗಲದ ಖಾಲಿ ಪೆನ್ನಿನ ಕೊಳವೆಯಲ್ಲಿ ಬಳ್ಳಿ ಪೋಣಿಸಿ, ಕೊಳವೆಯ ತುದಿಯನ್ನು ಸೀಳಿನಲ್ಲಿಟ್ಟು ನೇಗಿಲಿನಂತೆ ಎಳೆದುಕೊಂಡು ಹೋಗಿ, ಬಳ್ಳಿ ಹಿಂದಿನಿಂದ ತಾನಾಗಿ ಕೂರುತ್ತದೆ. ಶುರು ಮಾಡಿದ್ದು ಕೆಳ ಅಂಚಿನ ನಡುವೆ, ಮುಗಿಸುವುದೂ ಅಲ್ಲೇ. ಎರಡು ತುದಿಗಳೂ ಒಂದರ ಮೇಲೊಂದು ಒಂದು ಗೇಣು ದಾಟಿ, ಗಾಜಿನ ಒಳಮೈಯ ಕಡೆಗೆ ನೇತಾಡಲಿ. ಅಲುಗದಂತೆ ಗಾಜಿಗೆ ಟೇಪ್ ಹಾಕಿ.

ಹಿಂದಿನ ಡೋರ್ ಮುಚ್ಚಿರಲಿ. ಒಬ್ಬರು ಒಳಗೆ ಕೂರಬೇಕು, ಒಬ್ಬರು ಹೊರಗೆ. ತಗಡಿನ ಅಂಚಿಗೂ ಬೀಡಿಂಗಿಗೂ ಧಾರಾಳವಾಗಿ ಸೋಪುನೀರು ಬಳಿದು, ಹೊರಗಿನವರು ಗಾಜನ್ನು ಚೌಕಟ್ಟಿಗೆ ಆನಿಸಲಿ. ಎಡಬಲ ಸಂದು ಸಮ ಇದೆಯೇ ಎಂದು ಇಲ್ಲೇ ನೋಡಿಕೊಳ್ಳಬೇಕು, ಅರ್ಧ ಎಳೆದ ಮೇಲೆ ಸರಿಸಲು ಆಗದು. ಒಳಗಿನವರು ಒಂದು ತುದಿಯನ್ನು ಗಾಜಿನ ನಡುಭಾಗದ ದಿಕ್ಕಿಗೆ, ಗಾಜಿಗೆ ಸಮಾಂತರವಾಗಿ ಎಳೆಯಬೇಕು. ತಮ್ಮ ಎದೆಯ ಕಡೆಗೆ ಎಳೆದರೆ ತುಟಿ ಹರಿಯುತ್ತದೆ. ಬಳ್ಳಿ ಹೊರಬಂದಂತೆ ರಬ್ಬರಿನ ತುಟಿ 'ಪಚಕ್' ಎಂದು ತಗಡು ದಾಟಿ ಒಳಗೆ ಮಡಚಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ಒಳಗೆ ಬಳ್ಳಿ ಎಲ್ಲಿದೆಯೋ ಹೊರಗಿನವರ ಅಂಗೈ ಅಲ್ಲೇ ಒತ್ತುತ್ತಿರಬೇಕು, ಇಬ್ಬರೂ ಮಾತಾಡಿಕೊಂಡೇ ಸಾಗಬೇಕು. ಕೆಳ ಅಂಚು ಪೂರ್ತಿ, ಆಮೇಲೆ ಎರಡೂ ಬದಿಯಲ್ಲಿ ಸ್ವಲ್ಪ ಸ್ವಲ್ಪ ಮೇಲಕ್ಕೆ, ಕೊನೆಗೆ ಮೇಲಂಚು.

ಬಳ್ಳಿ ಸಿಕ್ಕಿಕೊಳ್ಳುವುದು ಮೂಲೆಯಲ್ಲಿ. ಜಗ್ಗಬೇಡಿ. ಸೋಪುನೀರು ಬಿಟ್ಟು, ಹೊರಗಿನಿಂದ ಮೂಲೆಯನ್ನು ಅಂಗೈಯಿಂದ ತಟ್ಟಿ, ಎರಡೆರಡು ಬೆರಳಿನಷ್ಟೇ ಎಳೆಯಿರಿ. ತುಟಿ ಎಲ್ಲಾದರೂ ಹೊರಗೇ ಉಳಿದರೆ ದೋಸೆ ಮಗುಚುವ ಮರದ ಸಟ್ಟುಗದ ಅಂಚಿನಿಂದ ಮೀಟಿ ಒಳಗೆ ಹಾಕಬಹುದು. ಸ್ಕ್ರೂಡ್ರೈವರ್ ಬೇಡ, ಅದು ಜಾರಿ ಗಾಜಿನ ಅಂಚಿಗೆ ತಾಗಿದರೆ ಮತ್ತೆ ಹಾಳೆ ಹಿಡಿದು ಗುಡಿಸಬೇಕು.

ಸೋರಿಕೆ ನೋಡುವುದು

ಸೋಪುನೀರು ಒಣಗಲು ಒಂದು ದಿನ ಕೊಟ್ಟು ಪೈಪಿನಿಂದ ನೀರು ಬಿಡಿ. ರಭಸ ಬೇಡ, ಹರಿಯುವಷ್ಟು ಸಾಕು. ಕೆಳ ಅಂಚಿಗೆ ಐದು ನಿಮಿಷ, ಆಮೇಲೆ ಬದಿ, ಕೊನೆಗೆ ಮೇಲೆ. ಮೊದಲೇ ಮೇಲಿನಿಂದ ಬಿಟ್ಟರೆ ನೀರು ಎಲ್ಲಿ ಒಳಗೆ ಬಂತೆಂದು ಗೊತ್ತಾಗುವುದಿಲ್ಲ. ಒಳಗೆ ಕೆಳ ಅಂಚಿಗೆ ಪತ್ರಿಕೆಯ ಕಾಗದ ಹಾಸಿ ಟಾರ್ಚ್ ಹಿಡಿದು ಕೂತವರು ಮೊದಲ ಹನಿಯ ಜಾಗಕ್ಕೆ ಗುರುತು ಹಾಕಲಿ.

ಸೋರದಿದ್ದರೆ ಸೀಲೆಂಟ್ ಹಚ್ಚಲೇಬೇಡಿ. ಸೋರಿದರೆ ಆ ಭಾಗದಲ್ಲಿ ಮಾತ್ರ ಹೊರ ತುಟಿಯನ್ನು ಎತ್ತಿ, ಗಾಡಿ ಗಾಜಿಗೆಂದೇ ಬರುವ, ಗಟ್ಟಿಯಾಗದ ಕಪ್ಪು ಸೀಲೆಂಟನ್ನು ತೆಳ್ಳಗೆ ತುಂಬಿ. ಬಚ್ಚಲಿಗೆ ಹಾಕುವ, ವಿನೆಗರ್ ವಾಸನೆಯ ಸಿಲಿಕೋನ್ ಬೇಡ. ಅದು ಒಣಗುವಾಗ ಬಿಡುವ ಆಮ್ಲ ನೀವು ಈಗಷ್ಟೇ ಉಜ್ಜಿ ಪೇಂಟ್ ಕೊಟ್ಟ ತಗಡಿಗೇ ತುಕ್ಕು ಹಿಡಿಸುತ್ತದೆ.

ಅಂಗಡಿಯ ಹೆಸರು, ದೇವರ ಚಿತ್ರ ಮತ್ತೆ ಅಂಟಿಸುವ ಮೊದಲು ಒಂದು ಲೆಕ್ಕ ನೆನಪಿರಲಿ. ಕೇಂದ್ರ ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಬದಿಯದರಲ್ಲಿ ಶೇ 50 ಬೆಳಕು ದಾಟಬೇಕು. ಈ ಮಿತಿಯೊಳಗಿನ, ಮಾನಕಕ್ಕೆ ಹೊಂದುವ ಫಿಲ್ಮಿಗೆ ಅಡ್ಡಿಯಿಲ್ಲವೆಂದು ಕೇರಳ ಹೈಕೋರ್ಟ್ 2024ರಲ್ಲಿ ಹೇಳಿದೆ. ಕಪ್ಪು ಫಿಲ್ಮಿಗೆ ಅದು ಪರವಾನಗಿ ಅಲ್ಲ. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೂ ನಿಯಮ ಇದೇ.

ಮೊದಲ ಎರಡು ದಿನ ಹಿಂದಿನ ಡೋರನ್ನು ಬಡಿದು ಹಾಕಬೇಡಿ. ಎಲ್ಲ ಕಿಟಕಿ ಮುಚ್ಚಿರುವಾಗ ಡೋರ್ ಬಡಿದರೆ ಒಳಗಿನ ಗಾಳಿ ಗಾಜನ್ನು ಹೊರಕ್ಕೆ ದೂಡುತ್ತದೆ. ಮುಂದಿನ ಒಂದು ಕಿಟಕಿಯನ್ನು ಒಂದಿಷ್ಟು ಇಳಿಸಿಟ್ಟು ಹಾಕಿ. ಪ್ರೆಶರ್ ವಾಷಿಗೆ ಒಂದು ವಾರ ರಜೆ.