ಐಸೋಕ್ವಿನೋಲೋನ್ ಜೊತೆ ಬರುತ್ತಿದ್ದ 474 ಪೀಕ್: ನನ್ನ ಅನುಭವ

ಬೆಂಜಮೈಡ್ ಮತ್ತು ಡೈಫಿನೈಲ್ ಅಸಿಟಿಲೀನ್ (ತ್ರಿಬಂಧವಿರುವ ಆಲ್ಕೈನ್) ಸೇರಿಸಿ 3,4-ಡೈಫಿನೈಲ್ ಐಸೋಕ್ವಿನೋಲೋನ್ ಎಂಬ ಉಂಗುರದ ಅಣು ಮಾಡಬೇಕಿತ್ತು. ವೇಗವರ್ಧಕವಾಗಿ ರೋಡಿಯಂ ಡೈಮರ್, ರೋಡಿಯಂ ಅನ್ನು ಮತ್ತೆ ಕೆಲಸಕ್ಕೆ ಸಿದ್ಧಗೊಳಿಸುವ ಆಕ್ಸಿಡೆಂಟ್ (ಉತ್ಕರ್ಷಕ) ಆಗಿ ಕಾಪರ್ ಅಸಿಟೇಟ್, 110 ಡಿಗ್ರಿ. ಮಾಸ್‌ನಲ್ಲಿ (ಅಣುವಿನ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್) ಉತ್ಪನ್ನದ 298 ಬಂತು, ಅದು ಸರಿ. ಆದರೆ 474ರ ಪೀಕ್ ಅದಕ್ಕಿಂತ ದೊಡ್ಡದಿತ್ತು. ಅಂದರೆ ಉತ್ಪನ್ನದ ಎನ್‌-ಎಚ್ (ನೈಟ್ರೋಜನ್-ಹೈಡ್ರೋಜನ್) ಭಾಗ ಇನ್ನೊಂದು ಆಲ್ಕೈನನ್ನೂ ಹಿಡಿದು ಮತ್ತೊಂದು ಉಂಗುರ ಕಟ್ಟಿತ್ತು.

ಆಲ್ಕೈನ್ ಕಡಿಮೆ ಮಾಡಿದೆ: ಬೆಂಜಮೈಡ್ ಉಳಿಯಿತು, 474 ಹೋಗಲಿಲ್ಲ. 80 ಡಿಗ್ರಿಗೆ ಇಳಿಸಿದೆ: ರಿಯಾಕ್ಷನ್ ಅರ್ಧಕ್ಕೇ ನಿಂತಿತು. ಸಾಲ್ವೆಂಟ್ ಬದಲಿಸಿದ್ದು ಸುಮ್ನೆ ದಂಡ.

ತೊಂದರೆ ಇದ್ದದ್ದು ಕಾಪರ್‌ನಲ್ಲಿ. ಹೊರಗಿನ ಆಕ್ಸಿಡೆಂಟ್ ಇರುವವರೆಗೆ ರೋಡಿಯಂ ಎರಡನೇ ಸುತ್ತಿಗೂ ತಯಾರಾಗುತ್ತದೆ, ಅಲ್ವಾ? ಒಟ್ಟಾವದ ರಸಾಯನಶಾಸ್ತ್ರಜ್ಞ ಕೀತ್ ಫಾಗ್ನು ಅವರ ಗುಂಪು ತೋರಿಸಿದ ದಾರಿ ಬೇರೆ: ಆಕ್ಸಿಡೆಂಟನ್ನು ಅಮೈಡ್‌ನೊಳಗೇ ಇಡುವುದು. ಇಲ್ಲಿ ಆಕ್ಸಿಡೆಂಟ್ ಅಂದರೆ ಎನ್-ಓ (ನೈಟ್ರೋಜನ್-ಆಕ್ಸಿಜನ್) ಬಂಧ; ಅದು ಒಂದೇ ಸಲ ಮುರಿಯುತ್ತದೆ, ಎರಡನೇ ಸುತ್ತಿಗೆ ಏನೂ ಉಳಿಯುವುದಿಲ್ಲ.

ಮೊದಲು ಬೆಂಜಾಯಿಲ್ ಕ್ಲೋರೈಡ್‌ನಿಂದ ಎನ್-ಪಿವಲಾಯಿಲಾಕ್ಸಿ ಬೆಂಜಮೈಡ್ ಮಾಡಿಕೊಂಡೆ. ಆಮೇಲೆ ಇದೇ ಕ್ರಮ: ಆ ಅಮೈಡ್ 221 ಮಿಲಿಗ್ರಾಂ, ಆಲ್ಕೈನ್ 196, ಸೀಸಿಯಂ ಅಸಿಟೇಟ್ 384, ಪೆಂಟಾಮೀಥೈಲ್ ಸೈಕ್ಲೋಪೆಂಟಾಡೈಯೀನೈಲ್ ರೋಡಿಯಂ ಡೈಕ್ಲೋರೈಡ್ ಡೈಮರ್ 6.2 (1 ಮೋಲ್ ಶೇಕಡಾ). ಕೊನೆಗೆ ಮೆಥನಾಲ್ 5 ಮಿಲಿಲೀಟರ್. ಬಿಸಿ ಬೇಡ, ಆರ್ಗಾನ್ ಬೇಡ. ಕೋಣೆಯ ತಾಪದಲ್ಲಿ 16 ಗಂಟೆ ಕಲಕಲು ಬಿಟ್ಟೆ. ಸೀಸಿಯಂ ಅಸಿಟೇಟ್ ಗಾಳಿಯ ತೇವ ಹೀರಿ ಅಂಟಾಗುತ್ತದೆ, ತೂಕ ತಪ್ಪುತ್ತದೆ. ಹಾಗಾಗಿ ಬೇಗ ತೂಗಿ.

ಬೆಳಗ್ಗೆ ಬಿಳಿ ಪುಡಿ ತಳಕ್ಕೆ ಕೂತಿತ್ತು. ಮಾಸ್‌ನಲ್ಲಿ 298 ಮಾತ್ರ.